ನಾಲ್ಕು ಗಂಟೆಯ ಹುಡುಗಿ

"ಏನ್ರೀ, ಅಜ್ಜಿ ನಿಂತವ್ರೆ, ಕಾಣಕಿಲ್ವಾ? ಒಸಿ ಎದ್ದು ಸೀಟು ಬುಡ್ರೀ!"

ಬೆಳಗಿನ ಏಳರ ಬಸ್ಸು ಬಿಳಿಕೆರೆ ದಾಟಿತ್ತು. ಸೌಂದರ್ಯ ತಲೆ ಎತ್ತಲಿಲ್ಲ. ಮನಸ್ಸು ಎದ್ದಿತ್ತು, ಮಂಡಿಗಳು ಎದ್ದಿರಲಿಲ್ಲ...

"ಓದಿದೋರ ಕೊಬ್ಬು ಕಣಜ್ಜಿ," ಎಂದ ಸೀಟು ಕೇಳಿದ ಯುವಕ. ಬಸ್ಸೆಲ್ಲ ನಕ್ಕಿತು.

ಹದಿನೈದು ದಿನಕ್ಕೆ ಅದೇ ಯುವಕ ಅವಳನ್ನು ನೋಡಲು ಬಂದು ಜಗಲಿಯಲ್ಲಿ ಕುಳಿತಿದ್ದ! ಹೆಸರು ಶರತ್. ಹುಣಸೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ.

ಅಮ್ಮ ಸುನಂದಮ್ಮ ಬೇಕೆಂದೇ ಸಂಜೆ ನಾಲ್ಕಕ್ಕೆ ಕರೆಸಿದ್ದಳು. ಅಷ್ಟು ಹೊತ್ತಿಗೆ ಮಗಳ ಕೀಲುಗಳು ಸಡಿಲವಾಗಿ, ಕಾಫಿ ತಟ್ಟೆ ಹಿಡಿದು ನಡೆಯಬಲ್ಲಳು.

"ನಿಜ ಯೋಳಿ ಎಲ್ಡು ಸಂಬಂಧ ಕಳಕೊಂಡಿವಿ. ಈ ಸಲ ಬಾಯಿ ಬುಡಬ್ಯಾಡ ಕಣವ್ವ," ಎಂದು ಮಗಳಿಗೆ ಹೇಳಿದ್ದಳು.

ಮದುವೆಯಾದ ಮೇಲೂ ಬೆಳಗಾಗುತ್ತದಲ್ಲ! ಜೀವನಪೂರ್ತಿ ನಾಲ್ಕು ಗಂಟೆಯೊಳಗೆ ಅಡಗಿ ಕೂರುವುದು ಹೇಗೆ?

ಹಿತ್ತಲಲ್ಲಿ ಇಬ್ಬರನ್ನೇ ಬಿಟ್ಟಾಗ ಶರತ್ ನಕ್ಕ. "ಸೀಟು ಬುಡದ ಮೇಡಂ ಅಲ್ವಾ ನೀವು? ಈಗ ಚೆನ್ನಾಗೇ ನಡೀತಿದ್ದೀರಿ!"

ಬಾಗಿಲ ಹಿಂದೆ ಅಮ್ಮನ ಬಳೆ ಸದ್ದಾಯಿತು. ಎಚ್ಚರಿಕೆಯ ಸದ್ದು.

ಸೌಂದರ್ಯಳಿಗೆ ಅದು ಕೇಳಿಸಿತು. ಆದರೂ ಹೇಳಿಬಿಟ್ಟಳು.

"ಬೆಳಿಗ್ಗೆ ನಂಗೆ ತಕ್ಷಣ ಏಳಕ್ಕಾಗಲ್ಲ. ಏಳನೇ ವಯಸ್ಸಿಂದ ಸಂಧಿವಾತ."

"ಅದು ಮುದುಕ್ರಿಗೆ ಬರೋದಲ್ವಾ?"

"ಮಕ್ಕಳಿಗೂ ಬತ್ತದೆ. ರೋಗಾಣು ಮೇಲೆ ಬೀಳಬೇಕಾದ ಮೈಯ ರಕ್ಷಣಾ ಪಡೆ ನನ್ನ ಕೀಲಿನ ಮೇಲೇ ಬೀಳ್ತದೆ. ಯಾಕೆ ಅಂತ ಡಾಕ್ಟ್ರಿಗೂ ಪೂರ್ತಿ ಗೊತ್ತಿಲ್ಲ. ಅಂಟುರೋಗ ಅಲ್ಲ. ವಾರಕ್ಕೊಂದು ಇಂಜೆಕ್ಷನ್ ತಗೋತೀನಿ, ಊತ ಹತೋಟೀಲದೆ. ಆದ್ರೂ ಬೆಳಿಗ್ಗೆ ಬಿಗಿದಿರ್ತವೆ. ನೀವು ನೋಡಿದ್ದು ನಾಲ್ಕು ಗಂಟೆ ಹುಡುಗೀನ."

ಶರತ್ ಮುಖ ಬಾಡಿತು. ಒಂದು ಮಾತೂ ಆಡದೆ ಹೊರಟುಹೋದ...

ಅಂದು ಅಮ್ಮ ಕಾಫಿ ಲೋಟಗಳನ್ನು ಕುಕ್ಕಿ ಕುಕ್ಕಿ ತೊಳೆದಳು.

ಮರುದಿನ ಬೆಳಿಗ್ಗೆ ಏಳು. ಅಮ್ಮ ಹಿತ್ತಲ ಬಾಗಿಲಿಂದ ಡೇರಿಗೆ ಹಾಲು ಹಾಕಲು ಹೋಗಿದ್ದಳು. ಯಾರೋ ಬಾಗಿಲು ಬಡಿದರು.

"ಯಾರು?"

"ಶರತ್. ನಿನ್ನೆ ನಾಚ್ಕೆಗೆ ಬಾಯೇ ಬರ್ನಿಲ್ಲ... ಬಸ್ಸಲ್ಲಿ ಅಂಗೆ ಅಂದ್ಬುಟ್ಟಿದ್ದೆ."

"ಈಗ ಹೋಗಿ! ನಾನಿನ್ನೂ ಎದ್ದಿಲ್ಲ."

"ಏಳು ಗಂಟೆ ಹುಡುಗೀನ ನೋಡಕ್ಕೇ ಬಂದಿರೋದು. ನಿಧಾನಕ್ಕೆ ಬನ್ನಿ, ನಿಂತಿರ್ತೀನಿ."

ಮಂಚದ ಅಂಚು, ಆಮೇಲೆ ಗೋಡೆ. ಒಂದೊಂದೇ ಹೆಜ್ಜೆ. ಬೆರಳು ಮಡಚದೆ ಚಿಲಕವನ್ನು ಅಂಗೈಯಿಂದ ತಳ್ಳಿದಳು. ಇಪ್ಪತ್ತು ನಿಮಿಷ ಕಳೆದಿತ್ತು.

ಅವನು ನಿಂತೇ ಇದ್ದ.

"ಜಗಲಿ ಮೇಲೆ ಕೂರಬಾರ್ದಿತ್ತಾ?"

"ಅವತ್ತು ನಿಮ್ಮನ್ನ ಎಬ್ಬಿಸಕ್ಕೆ ಹೋದೋನು ನಾನು. ಇವತ್ತು ನಿಂತ್ಕೊಳೋ ಸರದಿ ನಂದು." ಅವನ ದನಿ ಇಳಿಯಿತು. "ನಂಗೆ ಈ ಹುಡುಗೀನೇ ಒಪ್ಪಿಗೆ. ನಿಮ್ಗೆ?"

ಸೌಂದರ್ಯಳ ಕಣ್ಣು ತುಂಬಿತು, ತುಟಿ ನಕ್ಕಿತು.

"ಒಳಗೆ ಬನ್ನಿ. ಕಾಫಿ ಮಾತ್ರ ನೀವೇ ಮಾಡ್ಬೇಕು."

"ಸಕ್ರೆ ಡಬ್ಬ ಎಲ್ಲದೆ, ಯೋಳಿ!"