ಗುಂಡುಕಲ್ಲಿಗೆ ಎರಡು ಆಯುಧಪೂಜೆ

೧೯೪೨ನೇ ಇಸವಿ ನವೆಂಬರ್ ಒಂಬತ್ತು, ಸೋಮವಾರ. ಹೊಳೆಸಾಲು ವೈದ್ಯ ವಿದ್ಯಾಲಯದ ಕಾರ್ಯದರ್ಶಿ ಚಿಕ್ಕಹನುಮಂತಪ್ಪನವರು ಬೆಳಿಗ್ಗೆ ಹನ್ನೊಂದಕ್ಕೆ ಹೊನ್ನಾಳಿ ಠಾಣೆಯ ಮೆಟ್ಟಿಲು ಹತ್ತಿದರು. ತಲೆಗೆ ಜರಿಪೇಟ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ಹಿಂದೆ ಕೊಡೆ ಹಿಡಿದ ಆಳು. ಆ ದಿನ ಮಳೆಯೂ ಇರಲಿಲ್ಲ, ಹೇಳಿಕೊಳ್ಳುವಂಥ ಬಿಸಿಲೂ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಹನುಮಣ್ಣ ಎದ್ದು ನಿಂತ. ಏಳಬಾರದಿತ್ತೇನೋ ಎಂದುಕೊಂಡು ಅರ್ಧಕ್ಕೆ ಕೂತ. ಪೇದೆಯಾಗಿ ಸೇರಿ, ಡ್ಯೂಟಿ ಮುಗಿದ ಮೇಲೆ ಸಂಜೆ ಪಾಠಕ್ಕೆ ಹೋಗಿ ಪರೀಕ್ಷೆ ಕಟ್ಟಿ ಮೇಲೆ ಬಂದವನು ಅವನು. ಏನು ಬರೆದರೂ ಮೂರು ಸಲ ಓದುತ್ತಿದ್ದ. ಮೂರನೆಯ ಸಲ ಓದುವಾಗಲೂ ತಪ್ಪಿರಬಹುದೆಂದೇ ಅವನಿಗೆ ಅನ್ನಿಸುತ್ತಿತ್ತು.

ದೂರು ಸರಳವಾಗಿತ್ತು. ವಿದ್ಯಾಲಯದ ಬಳಿ ಜರ್ಮನಿಯ ಒಂದು ಸೂಕ್ಷ್ಮದರ್ಶಕವಿತ್ತು. ೧೯೪೦ರಲ್ಲಿ ನ್ಯಾಮತಿಯ ಮೆಣಸಿನಕಾಯಿ ಮಂಡಿಯ ಸಾಹುಕಾರ ಬಸವರಾಜಪ್ಪನವರು ಅದನ್ನು ದಾನ ಕೊಟ್ಟಿದ್ದರು. ಅದೇ ವರ್ಷ ಅವರ ಮಗ ವಿದ್ಯಾಲಯಕ್ಕೆ ಸೇರಿದ್ದ. ಈ ದಿನ ತಪಾಸಣೆಗೆ ಬಂದ ಸರ್ಕಾರಿ ಡಾಕ್ಟರು ಪೆಟ್ಟಿಗೆ ತೆಗೆಸಿ ಎಂದರು. ತೆಗೆಸಿದರೆ ಒಳಗೆ ಅರೆಯುವ ಗುಂಡುಕಲ್ಲು, ಸುತ್ತಲೂ ಹಳೆಯ ಗೋಣಿಬಟ್ಟೆ.

"ಬೀಗ ಒಡೆದೈತಾ?"

"ಇಲ್ಲ."

"ಯಾರ ಮೇಲೆ ಅನುಮಾನ?"

"ಅನುಮಾನ ಅಲ್ರೀ, ಖಾತ್ರಿ. ಕರೀಮ್ ಅಂತ ಒಬ್ಬ ಇದಾನೆ. ಚನ್ನಗಿರಿಯ ಕಲಾಯಿ ಖಾಜಾಸಾಬನ ಮಗ. ಈ ಜುಲೈನಾಗೆ ಸೇರಿದೋನು."

"ಕದ್ದಿದ್ದು ನೋಡಿದೋರು ಯಾರು?"

"ನೋಡಬೇಕೇನ್ರೀ? ಅದರೊಳಗೆ ಕಣ್ಣಿಟ್ಟು ನೋಡ್ತೀನಿ ಅಂತ ಮತ್ತೆಮತ್ತೆ ಬಂದು ಕೇಳ್ಯಾನೆ. ಬೇರೆ ಯಾವ ಹುಡುಗನೂ ಇವತ್ತಿನ ತನಕ ಕೇಳಿಲ್ಲ!"

ಹನುಮಣ್ಣ ಅದನ್ನೂ ಬರೆದುಕೊಂಡ. ವೈದ್ಯ ಕಲಿಯುವವನು ಸೂಕ್ಷ್ಮದರ್ಶಕ ನೋಡಲು ಬಯಸಿದ್ದೇ ಅವನ ಮೇಲಿನ ಆರೋಪ. ಆ ವಿದ್ಯಾಲಯದ ಇಪ್ಪತ್ತು ಸ್ಥಾನಗಳಲ್ಲಿ ಹತ್ತೊಂಬತ್ತು ದಾನಿಗಳ ಮಕ್ಕಳಿಗೆ, ಅಳಿಯಂದಿರಿಗೆ, ಬೀಗರ ಕಡೆಯವರಿಗೆ ಹೋಗುತ್ತಿದ್ದವು. ಒಬ್ಬರು ತೊಲೆ ಕೊಟ್ಟಿದ್ದರು, ಒಬ್ಬರು ಹೆಂಚು, ಒಬ್ಬರು ಮಾರ್ಬಲ್ ಕಲ್ಲು; ಆ ಕಲ್ಲಿನ ಮೇಲೆ ಎಲ್ಲರ ಹೆಸರು. ಇಪ್ಪತ್ತನೆಯದನ್ನು ಮಾತ್ರ ಅಂಕ ನೋಡಿ ಕೊಡುತ್ತಿದ್ದರು, ದೃಷ್ಟಿಯಾಗದಿರಲೆಂದು ಕೂಸಿನ ಕೆನ್ನೆಗೆ ಇಡುವ ಕಪ್ಪು ಬೊಟ್ಟಿನಂತೆ. ಈ ವರ್ಷದ ಬೊಟ್ಟು ಕರೀಮ್.

ಕಾರ್ಯದರ್ಶಿಗಳು ಮುಂದೆ ಬಾಗಿದರು. "ಶನಿವಾರ ಕಮಿಟಿ ಐತೆ. ಅಷ್ಟರೊಳಗೆ ಅವನನ್ನ ಒಳಗೆ ಹಾಕಿದ್ರೆ ಆ ಜಾಗ ಖಾಲಿ. ನಿಮ್ಮಕ್ಕ ದೊಡ್ಡಕ್ಕನ ಮಗ ಜಂಪಣ್ಣ ಪಾಸಾಗಿ ಮನೇಲಿ ಕುಂತಾನಂತಲ್ಲ? ನಿಮ್ಮ ಹತ್ರ ತೊಲೆ ಹೆಂಚು ಕೇಳೋರು ಯಾರ್ರೀ. ನಮ್ಮೋರು ನೀವು."

ಹನುಮಣ್ಣನ ಲೇಖನಿ ನಿಂತಲ್ಲೇ ಮಸಿ ಹನಿಸಿತು. ಬೇಡ ಎನ್ನಬೇಕಿತ್ತು, ಆ ಮಾತು ಬಾಯಿಗೆ ಬರಲಿಲ್ಲ ಎಂಬ ಅವಮಾನ ಇಡೀ ವಾರ ಅವನನ್ನು ಬಿಡಲಿಲ್ಲ.

ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ತೇಗದ ಪೆಟ್ಟಿಗೆ ಆಫೀಸಿನ ಗೂಡಿನಲ್ಲಿ ಬಾಡಿದ ಹಾರ ಹೊತ್ತು ಕೂತಿತ್ತು. ಪ್ರತಿ ಆಯುಧಪೂಜೆಗೂ ದಾನಿಗಳು ಬಂದು ಅದಕ್ಕೆ ಮೊದಲ ಪೂಜೆ ಮಾಡುತ್ತಿದ್ದರಂತೆ. ಮುಚ್ಚಳದಿಂದ ಕೆಳಗಿನ ತನಕ, ಸಂದಿನ ಮೇಲೂ, ದಪ್ಪಗೆ ಬಳಿದ ಪೂಜೆಯ ಲೇಪ ಹಾಗೇ ಇತ್ತು. ದೇವರಿಗೆ ಹಚ್ಚಿದ್ದನ್ನು ಒರೆಸಬಾರದೆಂದು ಯಾರೂ ಮುಟ್ಟಿರಲಿಲ್ಲ. ದಫೇದಾರ್ ಲಾಲ್‌ಸಾಬ್ ಗೋಣಿಬಟ್ಟೆಯನ್ನು ಕೊಡವಿದ. ಪಂಚರಿಬ್ಬರೂ ಒಂದೇ ಸಮ ಸೀನಿದರು. ಹನುಮಣ್ಣ ಬರೆದ: 'ಬಟ್ಟೆ ಕೊಡವಿದಾಗ ಪಂಚರು ಸೀನಿದರು.'

ಲಾಲ್‌ಸಾಬ್ ಹಿಂದಿನಿಂದ ಇಣುಕಿದ. "ಸಾಹೇಬ್ರೆ, ಸೀನಿದ್ದೂ ಬರೀಬೇಕಾ?"

"ಆಗಿದ್ದು ಆಗೈತಲ್ಲ."

ಮಂಗಳವಾರ ಚನ್ನಗಿರಿ. ಖಾಜಾಸಾಬ್ ಕಲಾಯಿಯ ತಿದಿ ಹೊತ್ತು ನಲ್ಲೂರಿನ ಕಡೆ ಹೋಗಿದ್ದ. ಹೆಂಡತಿ ತಾಜ್‌ಬೀ ಒಬ್ಬಳೇ ಇದ್ದಳು. ಪೊಲೀಸರನ್ನು ಕಂಡು ಅವಳು ಅಳಲಿಲ್ಲ. ಒಂದೊಂದೇ ಕೊಪ್ಪರಿಗೆಯನ್ನು ತಾನೇ ಮಗುಚಿ ತೋರಿಸಿದಳು.

"ನೋಡ್ರಿ ಸಾಹೇಬ್ರೆ, ಚೆನ್ನಾಗಿ ನೋಡ್ರಿ. ನಮ್ಮನೇಲಿ ಹೊಳೆಯೋದು ಅಂದ್ರೆ ಊರೋರ ಪಾತ್ರೆ ಮಾತ್ರ."

"ಮಗ ಏನಾದ್ರೂ ತಂದು ಇಟ್ಟಿದ್ನಾ?"

"ಬಟ್ಟೆ ತಂದಿದ್ದ, ಒಗೆಯಾಕೆ. ಅವನ ಜಾಗ ಉಳೀತೈತಾ ಹೋಗ್ತೈತಾ, ಅದೊಂದು ಹೇಳ್ರಿ. ಬೇಕಾದ್ರೆ ಮನೆ ಅಗೆದು ನೋಡ್ರಿ."

ಹನುಮಣ್ಣ ಕೊಪ್ಪರಿಗೆಗಳನ್ನು ಎಣಿಸಿ ಬರೆದುಕೊಂಡ. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು, ಕಲಾಯಿಯವನ ಮಗನಿಗೆ ಡಾಕ್ಟರಿಕೆ ಯಾಕೆ ಬೇಕಿತ್ತು ಎಂದು ಅವಳಿಗೆ ಕೇಳಿಸುವಂತೆಯೇ ಮಾತಾಡಿಕೊಳ್ಳುತ್ತಿದ್ದರು.

ಸಂಜೆ ಹೊನ್ನಾಳಿಯಲ್ಲಿ ಕರೀಮ್‌ನ ವಿಚಾರಣೆ.

"ಮೈಕ್ರೋಸ್ಕೋಪು ಯಾಕೆ ಕೇಳಿದೆ?"

"ಪುಸ್ತಕದಾಗೆ ಮಲೇರಿಯಾದ ಚಿತ್ರ ಐತೆ ಸಾರ್. ನಿಜವಾಗ್ಲೂ ಹಂಗೇ ಇರ್ತೈತಾ ನೋಡಬೇಕಿತ್ತು."

"ಏನಂದ್ರು?"

"ದೇವರ ಪೆಟ್ಟಿಗೆ, ಮುಟ್ಟಬ್ಯಾಡ ಅಂದ್ರು."

ಹನುಮಣ್ಣ ಅವನನ್ನು ಬಿಟ್ಟು ಕಳಿಸಿದ. ಮನೆಯಲ್ಲಿ ದೊಡ್ಡಕ್ಕ ರೊಟ್ಟಿ ತಟ್ಟುತ್ತಾ ಕಾದಿದ್ದಳು. ಕಾರ್ಯದರ್ಶಿಗಳ ಆಳು ಬಂದು ಅವಳ ಕಿವಿಗೂ ಹಾಕಿ ಹೋಗಿದ್ದ.

"ಬಿಟ್ಟೆಯಂತೆ ಅವನನ್ನ? ನಿನ್ನ ಅಳಿಯ ಜಂಪಣ್ಣನಿಗಿಂತ ಅವನೇ ಹೆಚ್ಚಾದ್ನಾ?"

"ಅವನು ಕದ್ದಾನೆ ಅಂತ ನಂಗೆ ಗೊತ್ತಿಲ್ಲ ಅಕ್ಕಾ."

"ಕದ್ದಿಲ್ಲ ಅಂತ ಗೊತ್ತಾ?"

ಅದೂ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಲಾಲ್‌ಸಾಬ್ ಠಾಣೆಯ ಬಂದೂಕಿನ ಪೆಟ್ಟಿಗೆ ತೆಗೆದು ಎಣ್ಣೆ ಹಾಕುತ್ತಿದ್ದ. ಅದಕ್ಕೂ ವರ್ಷವರ್ಷ ಪೂಜೆ. ಮುಚ್ಚಳದ ಸಂದಿನ ಮೇಲೆ ಬಳಿದ ಕುಂಕುಮ ದಿನವೂ ಪೆಟ್ಟಿಗೆ ತೆಗೆದು ಮುಚ್ಚಿ ಬಿರುಕು ಬಿಟ್ಟಿತ್ತು. ಹನುಮಣ್ಣ ಆ ಬಿರುಕನ್ನೇ ನೋಡುತ್ತಾ ನಿಂತ. ಆಮೇಲೆ ಟೋಪಿಯನ್ನೂ ಮರೆತು ವಿದ್ಯಾಲಯದ ಕಡೆ ನಡೆದ. ಲಾಲ್‌ಸಾಬ್ ಟೋಪಿ ಹಿಡಿದುಕೊಂಡು ಹಿಂದೆ ಬಂದ.

ತೇಗದ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಮುಚ್ಚಳದ ಸಂದಿನ ಮೇಲೆ ಮೂರು ಪದರ. ಎಲ್ಲಕ್ಕಿಂತ ಕೆಳಗೆ ಗಂಧ, ಅದರ ಮೇಲೆ ವಿಭೂತಿ, ಮೇಲುಗಡೆ ಕುಂಕುಮ.

"ಯಾವ ವರ್ಷ ಯಾವುದು ಹಚ್ಚಿದ್ರಿ?"

ಕಾರ್ಯದರ್ಶಿಗಳು ಗೊಣಗಿದರು. "ಮೊದಲ ವರ್ಷ ಗಂಧ. ಹೋದ ವರ್ಷ ಗಂಧ ಸಿಗಲಿಲ್ಲ, ವಿಭೂತಿ ಹಚ್ಚಿದ್ವಿ. ಈ ವರ್ಷ ಕುಂಕುಮ. ಅದೆಲ್ಲಾ ಯಾಕ್ರೀ ಈಗ?"

ಸೋಮವಾರ ಮುಚ್ಚಳ ತೆಗೆದಾಗ ಕುಂಕುಮವೂ ವಿಭೂತಿಯೂ ಹೊಸದಾಗಿ ಒಡೆದಿದ್ದವು. ಅಂಚು ಇನ್ನೂ ಚೂಪಾಗಿತ್ತು. ಆದರೆ ಕೆಳಗಿನ ಗಂಧ ಅವುಗಳಿಗಿಂತ ಮೊದಲೇ ಒಡೆದಿತ್ತು. ಅದರ ಬಿರುಕಿನೊಳಕ್ಕೆ ವಿಭೂತಿಯ ನೀರು ಇಳಿದು ಒಣಗಿ ಗಟ್ಟಿಯಾಗಿತ್ತು. ಹಾಗಾದರೆ ಗಂಧ ಹಚ್ಚಿದ ಮೇಲೆ, ವಿಭೂತಿ ಹಚ್ಚುವ ಮೊದಲು ಯಾರೋ ಪೆಟ್ಟಿಗೆ ತೆಗೆದಿದ್ದಾರೆ. ಆಮೇಲೆ ಈ ಸೋಮವಾರದ ತನಕ ಯಾರೂ ತೆಗೆದಿಲ್ಲ. ಕಳವಾದದ್ದು ಹೋದ ವರ್ಷದ ಆಯುಧಪೂಜೆಗೆ ಮುಂಚೆ. ಕರೀಮ್ ಬಂದದ್ದು ಈ ಜುಲೈನಲ್ಲಿ.

ಸರಿಯೇ ಎಂದು ಹನುಮಣ್ಣ ಬೆರಳು ಮಡಿಚಿ ಮತ್ತೊಮ್ಮೆ ಲೆಕ್ಕ ಹಾಕಿದ. ಸರಿಯಾಗಿತ್ತು.

"ಅಂದ್ರೆ ನೀವು ಎರಡು ವರ್ಷ ಪೂಜೆ ಮಾಡಿದ್ದು ಗುಂಡುಕಲ್ಲಿಗೆ," ಎಂದ ಲಾಲ್‌ಸಾಬ್, ಬಹಳ ವಿನಯದಿಂದ.

ಕಾರ್ಯದರ್ಶಿಗಳ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ಎರಡು ವರ್ಷ ವೈದ್ಯ ಕಲಿಸಿದವರು, ಕಲಿತವರು, ಪಾಸಾದವರು ಯಾರೊಬ್ಬರೂ ಆ ಮುಚ್ಚಳ ಎತ್ತಿರಲಿಲ್ಲ.

"ಕೀಲಿಕೈ ಎಷ್ಟು?"

"ಒಂದು ನನ್ನ ಸೊಂಟದಾಗೆ ಐತೆ."

"ಇನ್ನೊಂದು?"

"ದಾನ ಕೊಟ್ಟ ಬಸವರಾಜಪ್ಪನೋರ ಹತ್ರ. ಪೂಜೆ ದಿನ ಕೈಯಾಗೆ ಹಿಡ್ಕೊಂಡು ನಿಲ್ಲಾಕೆ ಅಂತ ಮರ್ಯಾದೆಗೆ ಕೊಟ್ಟಿದ್ದು. ಛೇ, ಅವರನ್ನ ಕೇಳೋದಾ? ಕಲ್ಲಿನ ಮೇಲೆ ಅವರ ಹೆಸರೈತ್ರೀ!"

ಆಗ ಹನುಮಣ್ಣನಿಗೆ ಪಂಚರ ಸೀನು ನೆನಪಾಯಿತು. ಠಾಣೆಗೆ ಬಂದು ಜಪ್ತಿಯಾದ ಗೋಣಿಬಟ್ಟೆಯ ಹೊಲಿಗೆ ಬಿಡಿಸಿದ. ಒಳಗೆ ಮೆಣಸಿನಕಾಯಿಯ ಬೀಜ. ಅವನೂ ಸೀನಿದ.

ಗುರುವಾರ ನ್ಯಾಮತಿ. ಬಸವರಾಜಪ್ಪನ ಮಂಡಿಯ ಮುಂದೆ ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಗೋವಿನಕೋವಿಯಿಂದ ಕೂಲಿಗೆ ಬರುವ ಲಕ್ಷ್ಮಕ್ಕ ಎಂಬವಳು ತಲೆ ಎತ್ತದೆಯೇ ಹೇಳಿದಳು:

"ಧಣಿ ಇಲ್ಲ. ಜಗಳೂರಿಗೆ ಹೋಗ್ಯಾರೆ, ಮಗಳ ಮನೆಗೆ. ಅಳಿಯಂದ್ರು ಅಲ್ಲೇ ಹೊಸ ಡಾಕ್ಟ್ರು ಶಾಲೆಗೆ ಸೇರ್ಯಾರಲ್ಲ."

"ಹೆಂಗೆ ಸೇರಿದ್ರು?"

"ಹೆಂಗೆ ಅಂದ್ರೆ? ಭೂತಗನ್ನಡಿ ಕೊಟ್ರು, ಸೇರಿಸ್ಕೊಂಡ್ರು. ಎಲ್ಲಾರಿಗೂ ಗೊತ್ತೈತಲ್ಲ ಅದು. ನೀವೆಂಥ ಪೊಲೀಸ್ರು?"

ಶುಕ್ರವಾರ ಪೆಟ್ರೋಲ್ ಬದಲು ಇದ್ದಿಲಲ್ಲಿ ಓಡುವ ಬಸ್ಸಿನಲ್ಲಿ ಮೈಯೆಲ್ಲಾ ಮಸಿ ಮಾಡಿಕೊಂಡು ಹನುಮಣ್ಣ, ಲಾಲ್‌ಸಾಬ್ ಇಬ್ಬರೂ ಜಗಳೂರು ತಲುಪಿದರು. ಅಲ್ಲಿನ ಠಾಣೆಗೆ ತಿಳಿಸಿ, ಒಬ್ಬ ಪೇದೆಯನ್ನು ಕರೆದುಕೊಂಡು ಹೊಸ ಶಾಲೆಗೆ ಹೋದರು. ಸೂಕ್ಷ್ಮದರ್ಶಕ ಗಾಜಿನ ಬೀರುವಿನಲ್ಲಿ ಹಾರ ಹಾಕಿಕೊಂಡು ನಿಂತಿತ್ತು. ಹೊನ್ನಾಳಿಯಲ್ಲಿ ಗಾಡಿಯಿಂದ ಇಳಿಸುವಾಗ ಬಿದ್ದು ಅದರ ಪಾದದ ಅಂಚು ಮುಕ್ಕಾಗಿತ್ತೆಂದು ದೂರಿನಲ್ಲಿತ್ತು. ಮುಕ್ಕು ಇದ್ದಲ್ಲೇ ಇತ್ತು. ಅದರ ಮೇಲೆ ಇಲ್ಲಿನವರು ಕುಂಕುಮವಿಟ್ಟಿದ್ದರು. ಪಂಚರ ಮುಂದೆ ಜಪ್ತಿಯಾಯಿತು.

ಬಸವರಾಜಪ್ಪ ಬೀಗರ ಮನೆಯ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಜಪ್ತಿ ಮಾಲು ನೋಡಿ ಗಾಬರಿಯಾಗಲಿಲ್ಲ, ಬೇಸರಪಟ್ಟ.

"ಇದು ಯಾರದು?"

"ನಂದು. ಬೊಂಬಾಯಿಯಿಂದ ನಾನೇ ತರಿಸಿದ್ದು."

"ಹೊನ್ನಾಳಿಗೆ ದಾನ ಕೊಟ್ಟಿದ್ದು?"

"ಕೊಟ್ಟೆ. ಮಗನ್ನ ಸೇರಿಸ್ಕೊಂಡ್ರು. ಅಲ್ಲಿಗೆ ಅದರ ಕೆಲಸ ಮುಗೀತಲ್ಲ?"

"ಇನ್ನೊಂದು ತರಿಸಬಹುದಿತ್ತು."

"ದುಡ್ಡೈತೆ ಸಾಹೇಬ್ರೆ, ಸಾಮಾನೆಲ್ಲೈತೆ? ಜರ್ಮನಿಯೋರು ಬಾಂಬು ಮಾಡ್ಕೊಂಡು ಕುಂತಾರೆ. ಯುದ್ಧ ಮುಗಿದ ಮೇಲೆ ಅಲ್ಲಿಗೂ ಒಂದು ಇಡ್ತಿದ್ದೆ. ಅಲ್ಲೀತನಕ ಯಾರಿಗೇನು ನಷ್ಟ? ಯಾರಾದ್ರೂ ಹುಡುಕಿದ್ರಾ?"

"ಒಬ್ಬ ಹುಡುಗ ಕೇಳಿದ. ಅವನ ಜಾಗ ಹೋಗೋದ್ರಾಗೈತೆ."

"ಯಾರ ಕಡೆ ಹುಡುಗ?"

"ಯಾರ ಕಡೆನೂ ಅಲ್ಲ."

"ಹಂಗಾದ್ರೆ ಅವನು ಅಲ್ಲಿಗೆ ಹೆಂಗೆ ಬಂದ?" ಬಸವರಾಜಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಹನುಮಣ್ಣ ಕೇಳಬಾರದೆಂದುಕೊಂಡೂ ಒಂದು ಪ್ರಶ್ನೆ ಕೇಳಿದ. "ಇದರೊಳಗೆ ನೀವು ಏನು ನೋಡಿದ್ರಿ?"

"ನಾನಾ?" ಬಸವರಾಜಪ್ಪ ಎಲೆಯ ರಸ ಉಗಿದ. "ಅದು ನೋಡಾಕಲ್ಲ ಸಾಹೇಬ್ರೆ, ಕೊಡಾಕೆ."

ಸಂಜೆ ನಾಲ್ಕೂವರೆಗೆ ದಸ್ತಗಿರಿ. ಒಳಗಿನಿಂದ ಅವನ ಮಗಳು ಗಾದ್ರಮ್ಮ ಬಂದು ಬಾಗಿಲಲ್ಲಿ ನಿಂತಳು. ಕೋಳದ ಕಡೆ ಅವಳು ನೋಡಲಿಲ್ಲ. ಗೋಣಿಯಲ್ಲಿ ಸುತ್ತಿದ ಸೂಕ್ಷ್ಮದರ್ಶಕವನ್ನೇ ನೋಡುತ್ತಿದ್ದಳು.

"ಅಪ್ಪಾ, ಅದು ಹೋದ್ರೆ ನಾನೂ ನಿನ್ನ ಜೊತೆ ಬರಬೇಕಲ್ಲ?"

ಬಸವರಾಜಪ್ಪ ಮೊದಲ ಸಲ ತಲೆ ತಗ್ಗಿಸಿದ. ಜಗಲಿಯ ಮೇಲಿದ್ದ ಬೀಗರು ಯಾರೂ ಬೇಡಮ್ಮಾ, ಇರು ಎನ್ನಲಿಲ್ಲ. ಅಳಿಯ ಕಂಬದ ಹಿಂದೆ ನಿಂತು ಹೊಸ ಶಾಲೆಯ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಶನಿವಾರ ಕಮಿಟಿ ಕೂಡುವ ಮೊದಲೇ ಹನುಮಣ್ಣ ಹೊನ್ನಾಳಿ ಸೇರಿದ. ಕರೀಮ್‌ನ ಮೇಲೆ ಯಾವ ಅನುಮಾನವೂ ಇಲ್ಲವೆಂದು ಬರೆದು ಕಳಿಸಿದ. ಅವನ ಜಾಗ ಉಳಿಯಿತು. ಮಾರ್ಬಲ್ ಕಲ್ಲಿನ ಮೇಲೆ ಬಸವರಾಜಪ್ಪನ ಹೆಸರೂ ಉಳಿಯಿತು. ಕೆತ್ತಿ ತೆಗೆದರೆ ಕಲ್ಲು ಕೊಟ್ಟವರಿಗೆ ಬೇಸರವಾಗುತ್ತದೆಂದು ಕಮಿಟಿ ತೀರ್ಮಾನಿಸಿತು. ದೊಡ್ಡಕ್ಕ ತಮ್ಮನ ಜೊತೆ ಮಾತು ಬಿಟ್ಟಳು.

ಯಂತ್ರ ಸರಿಯಿದೆಯೇ ಎಂದು ಮೊಹರು ಹಾಕುವ ಮೊದಲು ನೋಡಬೇಕಿತ್ತು. ವಿದ್ಯಾಲಯದ ಗುರುಗಳು ಕೆಲಸವಿದೆಯೆಂದು ಬರಲಿಲ್ಲ. ಪಂಚರ ಮುಂದೆ ಕರೀಮ್ ಕಣ್ಣಿಟ್ಟ. ತಿರುಪು ತಿರುಗಿಸಿದ, ಮತ್ತೆ ತಿರುಗಿಸಿದ.

"ಏನು ಕಾಣ್ತೈತೆ?"

"ಏನೋ ಕಪ್ಪು ಕಪ್ಪು ಗೆರೆ ಸಾರ್." ಕಣ್ಣು ಮಿಟುಕಿಸಿ ನೋಡಿ ಅವನು ನಾಚಿಕೊಂಡ. "ನನ್ನ ರೆಪ್ಪೆ ಕೂದಲು ಅನ್ನಿಸ್ತೈತೆ."

ಹನುಮಣ್ಣ ಹಾಗೆಯೇ ಬರೆದ. ಆಮೇಲೆ ಆರೋಪಿಯ ವರದಿ ತೆಗೆದುಕೊಂಡ. 'ಅಳಿಯನಿಗೆ ವೈದ್ಯಶಾಲೆಯಲ್ಲಿ ಸ್ಥಾನ ಕೊಡಿಸುವ ಸಲುವಾಗಿ' ಎಂದು ಬರೆದಿತ್ತು. ಮೂರನೆಯ ಸಲ ಓದಿ ಹೊರಗೆ ನೋಡಿದ. ಠಾಣೆಯ ಜಗಲಿಯಲ್ಲಿ ಗಾದ್ರಮ್ಮ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು, ನ್ಯಾಮತಿಗೆ ಹೋಗುವ ಗಾಡಿಗಾಗಿ ಕಾಯುತ್ತಿದ್ದಳು. ಅಳಿಯನಿಗೆ ಕೊಡಿಸುತ್ತೇನೆಂದು ಮದುವೆಯಲ್ಲಿ ಅಪ್ಪ ಒಪ್ಪಿಕೊಂಡಿದ್ದ ಡಾಕ್ಟರಿಕೆ ಬರಲಿಲ್ಲವೆಂದು ಅವಳನ್ನು ಮೊದಲೊಂದು ಸಲ ತವರಿಗೆ ಅಟ್ಟಿದ್ದರು. ಸೂಕ್ಷ್ಮದರ್ಶಕ ಶಾಲೆ ಸೇರಿದ ಮಾರನೆಯ ದಿನ ಗಾಡಿ ಕಳಿಸಿ ಕರೆಸಿಕೊಂಡಿದ್ದರು.

ಅವನು ಬರೆದದ್ದನ್ನು ಹೊಡೆದು ಹಾಕಿದ. ಮೇಲೆ ಬರೆದ: 'ಮಗಳನ್ನು ಗಂಡನ ಮನೆಯಲ್ಲಿ ಇಟ್ಟುಕೊಳ್ಳಲಿ ಎಂದು.'

ಲಾಲ್‌ಸಾಬ್ ಇಣುಕಿ ಓದಿದ. "ಸಾಹೇಬ್ರೆ, ಇದನ್ನೂ ಬರೀಬೇಕಾ?"

ಹನುಮಣ್ಣ ಮಸಿ ಒಣಗುವ ತನಕ ಕಾದ.

"ಆಗಿದ್ದು ಆಗೈತಲ್ಲ," ಎಂದ.