ಬೋರಲು ಲೋಟದ ಕೆಳಗೆ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು ಎದುರು ಮನೆಯ ಬೆಲ್ ಒತ್ತಿದಾಗ ನನ್ನ ಕೈಯಲ್ಲಿ ಒಂದು ಸ್ಟೀಲ್ ತಟ್ಟೆ ಇತ್ತು. ತಟ್ಟೆಯ ಮೇಲೆ ಬೋರಲು ಹಾಕಿದ ಲೋಟ. ಲೋಟದ ಕೆಳಗೆ, ಜೀವಂತವಾಗಿ, ಸಾಕ್ಷಿ.

ಬಾಗಿಲು ತೆರೆಯಿತು. ಒದ್ದೆ ತಲೆ, ಹೆಗಲ ಮೇಲೆ ಟವೆಲ್, ಒಂದೇ ಕೆನ್ನೆಗೆ ಶೇವಿಂಗ್ ನೊರೆ. ನಾಲ್ಕು ತಿಂಗಳ ಹಿಂದೆ ಬಾಡಿಗೆಗೆ ಬಂದವನು. ಹೆಸರು ಸತ್ಯಾತ್ಮ, ಹುಬ್ಬಳ್ಳಿ ಕಡೆಯವನು, ವೇಲಚೇರಿಯ ಕೋಚಿಂಗ್ ಸೆಂಟರಿನಲ್ಲಿ ಗಣಿತದ ಮೇಷ್ಟ್ರು. ಇಷ್ಟನ್ನೂ ನನ್ನ ಅಜ್ಜಿ ಮೊದಲ ವಾರವೇ ಪತ್ತೆ ಹಚ್ಚಿದ್ದಳು.

"ಇದು ನಿಮ್ಮದೇನಾ?" ಎಂದು ಲೋಟವನ್ನು ಒಂದಿಷ್ಟೇ ಎತ್ತಿದೆ. ಜಿರಳೆಯ ಎರಡು ಮೀಸೆ ಹೊರಗೆ ಬಂದು ಗಾಳಿಯನ್ನು ಮುಟ್ಟಿ ನೋಡಿದವು.

ಅವನು ಬಗ್ಗಿ, ಕಾಗುಣಿತ ತಿದ್ದುವವನ ಗಾಂಭೀರ್ಯದಲ್ಲಿ ಪರೀಕ್ಷಿಸಿದ.

"ನಮ್ದಲ್ರಿ. ನಮ್ಮನಿ ಜೊಂಡಿಗ ಇಷ್ಟು ದಪ್ಪ ಇರಂಗಿಲ್ಲ. ನಾನು ಹೊರಗ ಉಣ್ಣಾಂವ. ಇದು ತುಪ್ಪ ತಿಂದ ಮೈ ನೋಡ್ರಿ."

"ನಮ್ಮನೇಲಿ ತುಪ್ಪಕ್ಕೆ ಮುಚ್ಚಳ ಇದೆ ಸಾರ್. ಈ ಕರಪ್ಪಾಂಪೂಚಿ ನಿಮ್ಮ ಬಾಗಿಲ ಕಡೆಯಿಂದಾನೇ ಬಂತು. ನಾನೇ ಕಣ್ಣಾರೆ ನೋಡಿದೆ."

"ಅದರ ಮ್ಯಾಲೆ ನನ್ನ ಹೆಸರು ಬರ್ದದೇನ್ರಿ?"

ನಾನು ತಲೆಯೆತ್ತಿದೆ. ಅವನ ಬಾಗಿಲ ಚೌಕಟ್ಟಿನ ಮೇಲ್ಮೂಲೆಯಲ್ಲಿ ಅಂಗೈ ಅಗಲದ ಒಂದು ಜೇಡ ಗೋಡೆಗಂಟಿ ಕೂತಿತ್ತು.

"ಮೊದಲು ಅದನ್ನ ತೆಗೀರಿ."

"ಅಯ್ಯ, ಅದು ನಮ್ಮ ವಾಚ್‌ಮನ್ ರೀ. ಮರಿ ಜೊಂಡಿಗ ಎಲ್ಲಾ ಅದರ ಪಾಲು."

"ಹಾಗಾದ್ರೆ ನಿಮ್ಮ ವಾಚ್‌ಮನ್ ಡ್ಯೂಟೀಲಿ ನಿದ್ದೆ ಹೊಡೀತಿದಾನೆ."

ಅವನು ನಕ್ಕ. ನೊರೆ ಇಲ್ಲದ ಕೆನ್ನೆಯಲ್ಲಿ ಮಾತ್ರ ಆ ನಗು ಕಾಣಿಸಿತು. ಅರ್ಧ ನಗುವವರನ್ನು ನಾನು ನಂಬುವುದಿಲ್ಲ. ಇನ್‌ಶೂರೆನ್ಸ್ ಕಂಪನಿಯ ಕ್ಲೇಮ್ ಸೆಕ್ಷನ್‌ನಲ್ಲಿ ಎಂಟು ವರ್ಷದ ಸರ್ವೀಸು ನನ್ನದು. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಇದೆಲ್ಲ ತಮಾಷೆ ಅಂದುಕೊಳ್ಳಬೇಡಿ. ಅದರ ಹಿಂದಿನ ವಾರ, ಮಧ್ಯಾಹ್ನ ಮಲಗಿದ್ದ ಅಜ್ಜಿಯ ಕಿವಿಯೊಳಗೆ ಒಂದು ಮರಿ ಜಿರಳೆ ಹೊಕ್ಕಿತ್ತು. ಡಾಕ್ಟರು ಎಣ್ಣೆ ಬಿಟ್ಟು ತೆಗೆದರು. ಸುದ್ದಿ ಕೇಳಿ ಕ್ರೋಂಪೇಟೆಯಿಂದ ಓಡಿಬಂದ ರಘುರಾಮ ಮಾಮಾ ನಮ್ಮ ಅಡ್ಯಾರ್ ಫ್ಲಾಟಿನ ನಡುಮನೆಯಲ್ಲಿ ನಿಂತು ತೀರ್ಪು ಕೊಟ್ಟರು.

"ನೋಡಮ್ಮ ಶ್ರೀಪ್ರಿಯಾ, ಈ ತಿಂಗಳ ಕಡೇ ಭಾನುವಾರ ಬರ್ತೀನಿ. ಒಂದೇ ಒಂದು ಪೂಚಿ ಕಣ್ಣಿಗೆ ಬೀಳಲಿ, ಅಮ್ಮನ್ನ ಕರ್ಕೊಂಡು ಹೋಗ್ತಾ ಇರ್ತೀನಿ. ನೀನು ಆಫೀಸ್‌ಗೆ ಹೋದ್ರೆ ಇವಳನ್ನ ಯಾರು ನೋಡ್ತಾರೆ?"

ನನ್ನ ಅಮ್ಮ ತೀರಿಹೋದಾಗ ನನಗೆ ಒಂಬತ್ತು. ಅಂದಿನಿಂದ ನನಗೆ ಮನೆ ಅಂದರೆ ಗೋದಾಬಾಯಿ ಎಂಬ ಈ ಅಜ್ಜಿ, ಅಷ್ಟೇ.

ಮಾಮಾ ಹೋದ ಮೇಲೆ ಅಜ್ಜಿ ಮೆಲ್ಲಗೆ ಹೇಳಿದಳು: "ಅವರ ಮನೇಲಿ ಬಾಗಿಲಿಗೆ ರಂಗೋಲಿ ಸ್ಟಿಕರ್ ಅಂಟಿಸಿದಾರೆ ಕಣೇ." ಸಾವಿನ ಸುದ್ದಿ ಹೇಳುವ ದನಿ ಅದು.

ಹಾಗಾಗಿ ಯುದ್ಧ ಸಾರಿದೆ. ಮೊದಲು ಸ್ಪ್ರೇ ಹೊಡೆಸಿದೆ. ಅಜ್ಜಿ ಮೂರು ದಿನ ಕೆಮ್ಮಿದಳು. ಜಿರಳೆಗಳು ನಾಲ್ಕನೆಯ ದಿನ ತವರಿಗೆ ಹೋಗಿ ಬಂದವರಂತೆ ಮೈಕೈ ತುಂಬಿಕೊಂಡು ವಾಪಸಾದವು. ಆಮೇಲೆ ಜಿರಳೆಗೆಂದೇ ಮಾರುವ ವಿಷದ ಸೀಮೆಸುಣ್ಣ ತಂದೆ. ದಿನಾ ಸಂಜೆ ಹೊಸ್ತಿಲಿಗೆ, ಬಚ್ಚಲ ಜಾಲರಿಯ ಸುತ್ತ, ಸಿಲಿಂಡರಿನ ಬುಡಕ್ಕೆ ಗೆರೆ ಎಳೆದೆ. ವಿಷ ಮನೆಯೊಳಗೆ ಬೇಡವೆಂದು ಡಬ್ಬಿಯನ್ನು ಬಾಗಿಲಾಚೆಯ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟೆ.

ಒಂದು ಸಂಜೆ ಸತ್ಯಾತ್ಮ ಲಿಫ್ಟಿನಿಂದ ಹೊರಬರುತ್ತಾ ಕೇಳಿದ: "ಆ ಡಬ್ಬಿ ಹೊರಗ ಯಾಕ ಇಡ್ತೀರಿ? ಒಳಗ ಇಡ್ರಲ್ಲ."

"ನಮ್ಮ ಡಬ್ಬಿ, ನಮ್ಮ ಸ್ಟ್ಯಾಂಡು," ಅಂದೆ.

ಅವನು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಎರಡನೆಯ ಜಿರಳೆಯನ್ನು ಬುಧವಾರ ಒಯ್ದೆ. "ಭಾನುವಾರದ್ದರ ತಂಗಿ ಇದ್ದಂಗದ," ಅಂದ. ಮೂರನೆಯದನ್ನು ಮುಂದಿನ ಶುಕ್ರವಾರ ಒಯ್ದಾಗ, ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. "ಈ ಸಲ ಭಾಳ ತಡಾ ಮಾಡಿದ್ರಲ್ರಿ. ನಾನು ಸುಮ್ಮನ ಕಾಯ್ಕೋತ ಕೂತಿದ್ದೆ." ಅವನ ಬೆರಳ ತುದಿಗಳು ಬೆಳ್ಳಗಿದ್ದವು. ಪ್ಯಾಂಟಿನ ಜೇಬಿನ ಅಂಚೂ ಬೆಳ್ಳಗೆ. ಮೇಷ್ಟ್ರಲ್ಲವೇ, ಇರಲಿ ಎಂದುಕೊಂಡೆ.

ಆದರೆ ಅದೇ ಸಂಜೆ ನನ್ನ ಕಣ್ಣೆದುರೇ ಒಂದು ಜಿರಳೆ ಆಗತಾನೇ ಎಳೆದ ಗೆರೆಯನ್ನು ದಾಟಿತು. ಓಡಲೂ ಇಲ್ಲ. ನಡುವೆ ನಿಂತು ಮೀಸೆ ತೀಡಿಕೊಂಡು ಹೋಯಿತು.

ಕ್ಲೇಮ್ ಸೆಕ್ಷನ್ ಬುದ್ಧಿ ಎಚ್ಚೆತ್ತಿತು. ಹೊಸ ಡಬ್ಬಿ ತಂದು, ಪ್ರತಿ ತುಂಡಿನ ತುದಿಗೂ ಹಸಿರು ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಟ್ಟೆ. ಮರುದಿನ ಸಂಜೆ ನೋಡಿದರೆ ಡಬ್ಬಿ ಅದೇ, ತುಂಡುಗಳೂ ಅಷ್ಟೇ. ಹಸಿರು ಚುಕ್ಕಿ ಮಾತ್ರ ಒಂದರಲ್ಲೂ ಇಲ್ಲ.

ಯಾರೋ ಬದಲಾಯಿಸುತ್ತಿದ್ದಾರೆ. ನಮ್ಮ ಫ್ಲಾಟು ಖಾಲಿಯಾದರೆ ಯಾರಿಗೆ ಲಾಭ? "ಎಷ್ಟು ವರ್ಷ ಆತ್ರಿ ಈ ಮನಿಗೆ ಬಂದು?" ಎಂದು ಅವನು ಅಜ್ಜಿಯನ್ನು ಕೇಳಿದ್ದು ನೆನಪಾಯಿತು. ನಮ್ಮ ಮನೆಗೆ ಬೆಳಕು ಜಾಸ್ತಿ, ಬಾಲ್ಕನಿ ದೊಡ್ಡದು. ಕಣ್ಣು ಹಾಕಿರಬಹುದು. ಅಜ್ಜಿಯನ್ನು ಕೇಳಿದರೆ, "ಅವನು ಒಳ್ಳೇ ಹುಡುಗ ಕಣೇ," ಎಂದು ಮುಖ ತಿರುಗಿಸಿದಳು. ಅಜ್ಜಿ ಮುಖ ತಿರುಗಿಸುವುದು ಸುಳ್ಳು ಹೇಳುವಾಗ ಮಾತ್ರ. ಅಂದರೆ ಇವಳೂ ಅದರಲ್ಲಿ ಸೇರಿದ್ದಾಳೆ!

ಆಫೀಸಿನ ಗೆಳತಿ ವಂದನಾ ನನ್ನ ಕಥೆಯನ್ನೆಲ್ಲ ಕೇಳಿ, ಮೊಸರನ್ನದ ಡಬ್ಬಿ ಮುಚ್ಚುತ್ತಾ, "ಏನೇ, ನಿಂಗೆ ಅವನ ಮೇಲೆ ಡೌಟಾ, ಇಲ್ಲ ಅವನ ಮೇಲೆ ಕಣ್ಣಾ?" ಅಂದಳು.

"ಥೂ, ಹೋಗೇ," ಅಂದೆ. ಆದರೆ ಮೂರು ಜಿರಳೆಯೂ ನಾನು ತಲೆ ಬಾಚಿಕೊಂಡ ಮೇಲೇ ಸಿಕ್ಕಿದ್ದು ಹೇಗೆ ಎಂದು ಅವಳು ಕೇಳಲಿಲ್ಲ. ಸದ್ಯ.

ಕಡೇ ಭಾನುವಾರಕ್ಕೆ ಒಂದೇ ದಿನ ಉಳಿದಿತ್ತು. ಶುಕ್ರವಾರ ರಾತ್ರಿಯೇ ಇನ್ನೊಂದು ಹೊಸ ಡಬ್ಬಿಯ ತುಂಡುಗಳಿಗೆ ಹಸಿರು ಚುಕ್ಕಿ ಇಟ್ಟು ಸ್ಟ್ಯಾಂಡಿನ ಮೇಲಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ, ಅಜ್ಜಿ ಸ್ನಾನಕ್ಕೆ ಹೋದಾಗ, ನಾನು ಮೇಲಿನ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅಡಗಿ ಕೂತೆ.

ಎದುರು ಬಾಗಿಲು ಸದ್ದಿಲ್ಲದೆ ತೆರೆಯಿತು. ಅವನು ಬರಿಗಾಲಲ್ಲಿ ಬಂದ. ನನ್ನ ಡಬ್ಬಿಯಿಂದ ತುಂಡುಗಳನ್ನು ತೆಗೆದು ಕಾಗದದಲ್ಲಿ ಸುತ್ತಿದ. ಜೇಬಿನಿಂದ ಬೇರೆ ತುಂಡುಗಳನ್ನು ತೆಗೆದು ಡಬ್ಬಿಯಲ್ಲಿಟ್ಟ.

ಅವನ ಮೇಲೆ ಹಾರಬೇಕು ಅನ್ನುವಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಗೋಡೆ ಸವರುತ್ತಾ ಬಂದಳು. ಸ್ಟ್ಯಾಂಡನ್ನು ತಡವಿ, ಡಬ್ಬಿಯಿಂದ ಒಂದು ತುಂಡು ತೆಗೆದುಕೊಂಡು ಹೊಸ್ತಿಲ ಮುಂದೆ ರಂಗೋಲಿಗೆ ಕೂತಳು. ಅವನು ಪಕ್ಕದಲ್ಲಿ ಮೊಣಕಾಲೂರಿ ಫೋನಿನ ಟಾರ್ಚ್ ಹಿಡಿದ.

"ಇನ್ನೊಂದು ಚೂರು ಬಲಕ್ಕ, ಅಜ್ಜಿ. ಹಾಂ, ಅಲ್ಲೇ ಅದ ಚುಕ್ಕಿ."

"ಗೆರೆ ಸೇರಿತೇನೋ?"

"ಸೇರ್ತು. ಭಾಳ ಛಂದ ಆತು."

ಅಜ್ಜಿ ಎದ್ದು, ಪಕ್ಕದ ಕುಂಡದ ತುಳಸಿಗೆ ಕೈ ಮುಗಿದು, ಅದೇ ಕೈಯಿಂದ ಒಂದು ದಳ ಕಿತ್ತು ಬಾಯಿಗೆ ಹಾಕಿಕೊಂಡಳು.

"ಅಜ್ಜಿ! ಉಗುಳು! ಅದು ಜಿರಳೆ ವಿಷ!"

ನಾಲ್ಕು ಮೆಟ್ಟಿಲು ಒಟ್ಟಿಗೇ ಹಾರಿ ಇಳಿದೆ. ಸತ್ಯಾತ್ಮ ಎರಡೂ ಕೈ ಎತ್ತಿದ.

"ಅಲ್ರಿ, ಅಲ್ರಿ! ಅದು ನಮ್ಮ ಕ್ಲಾಸಿನ ಸೀಮೆಸುಣ್ಣ. ಅದರಾಗ ವಿಷ ಇಲ್ಲ." ಕಾಗದ ಬಿಚ್ಚಿ ತೋರಿಸಿದ. ಒಳಗೆ ಹಸಿರು ಚುಕ್ಕಿಯ ತುಂಡುಗಳು. "ವಿಷದ್ದು ಇಲ್ಲಿ ಅದ ನೋಡ್ರಿ."

ಮೂರು ವಾರದ ಹಿಂದೆ ಕ್ಲಾಸಿಗೆ ಹೊರಟವನು ಅಜ್ಜಿ ಆ ಡಬ್ಬಿಯಿಂದ ರಂಗೋಲಿ ಬರೆಯುವುದನ್ನು, ಆ ಕೈ ಬಾಯಿಗೆ ಹೋಗುವುದನ್ನು ನೋಡಿದನಂತೆ. ನಾನು ಅವಳಿಗಾಗಿಯೇ ತಂದಿಟ್ಟಿದ್ದೇನೆ ಎಂದು ಅಜ್ಜಿ ತಿಳಿದಿದ್ದಳು. ಪುಡಿ ಹಿಡಿಯಲು ಬೆರಳು ಕೇಳುತ್ತಿರಲಿಲ್ಲ, ಸೀಮೆಸುಣ್ಣ ಸಲೀಸು.

"ನಂಗೆ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರ, ಡಬ್ಬಿ ಮ್ಯಾಲೆ ಅಷ್ಟು ದೊಡ್ಡ ಕೆಂಪಕ್ಷರ ಅಜ್ಜಿಗೆ ಯಾಕ ಕಾಣಲಿಲ್ಲ ಅಂತ ಕೇಳ್ತಿದ್ರಿ." ಅವನು ನೆಲ ನೋಡಿದ. "ಕಣ್ಣಿನ ಸುದ್ದಿ ನಿಮಗ ಹೇಳಬಾರದು ಅಂತ ಅಜ್ಜಿ ತುಳಸಿ ಮುಟ್ಟಿಸಿ ಆಣಿ ಹಾಕಿಸ್ಕೊಂಡಾರ."

ಅಜ್ಜಿ ಮುಖ ತಿರುಗಿಸಲಿಲ್ಲ ಈ ಸಲ. "ಪೊರೆ ಬಂದಿದೆ ಕಣೇ. ನಿಂಗೆ ಗೊತ್ತಾದ್ರೆ ರಘುವಿಗೆ ಗೊತ್ತಾಗತ್ತೆ. ಅವನು ಕರ್ಕೊಂಡು ಹೋಗ್ತಾನೆ." ಆಮೇಲೆ ಏನೋ ಹೊಳೆದವಳಂತೆ, "ಅಲ್ವೇ, ವಿಷ ಇಲ್ಲ ಅಂದ್ರೆ, ನಾನಿಷ್ಟು ದಿನ ಜಿರಳೆಗಳಿಗೆ ರಂಗೋಲಿ ಹಾಕಿ ಸ್ವಾಗತ ಮಾಡ್ತಿದ್ನೇನೇ?"

ನಗು ಬಂತು, ಅಳುವೂ ಬಂತು. ದಿನಾ ಬೆಳಿಗ್ಗೆ ಅಡಿಗೆಮನೆಯಲ್ಲಿ, "ನಿನ್ನ ದನಿ ಚೆನ್ನಾಗಿದೆ, ಪಂಚಾಂಗ ನೀನೇ ಓದು," ಎನ್ನುತ್ತಿದ್ದಳಲ್ಲ. ಜಗತ್ತನ್ನೆಲ್ಲ ಅನುಮಾನಿಸಿದ ನಾನು ಆ ಒಂದನ್ನು ಮಾತ್ರ ಅನುಮಾನಿಸಿರಲಿಲ್ಲ.

"ನಾಳೆ ಮಾಮಾ ಬರ್ತಾರೆ," ಅಂದೆ. "ಒಂದು ಜಿರಳೆ ಕಂಡರೂ ಅಜ್ಜಿ ಕ್ರೋಂಪೇಟೆಗೆ."

ಸತ್ಯಾತ್ಮ ಕಾಗದವನ್ನು ಮತ್ತೆ ಸುತ್ತಿ ಜೇಬಿಗಿಟ್ಟ. "ಅದು ನನಗ ಗೊತ್ತಿರಲಿಲ್ಲ," ಅಂದ. ತನ್ನ ಬಾಗಿಲು ತಳ್ಳುತ್ತಾ, "ಅವು ಎಲ್ಲಿಂದ ಬರ್ತಾವ ಅಂತ ಗೊತ್ತದ. ಬರ್ರಿ, ತೋರಸ್ತೀನಿ."

ನಮ್ಮಿಬ್ಬರ ಬಾಗಿಲು ಎದುರುಬದುರಾದರೂ ಅಡಿಗೆಮನೆಗಳು ಹಿಂದೆ ಹೋಗಿ ಒಂದೇ ಗೋಡೆಗೆ ಬೆನ್ನು ಕೊಟ್ಟಿವೆ. ಅವನ ಸಿಂಕಿನ ಕೆಳಗೆ ಸೀಮೆಸುಣ್ಣದ ಪುಡಿ ಹರಡಿತ್ತು. ಅದರ ಮೇಲೆ ನೂರಾರು ಪುಟ್ಟ ಹೆಜ್ಜೆಗಳ ಜಾಡು. ಎಲ್ಲವೂ ನೀರಿನ ಪೈಪು ಗೋಡೆ ಹೊಕ್ಕುವ ಕಡೆಗೆ, ಪೈಪಿನ ಸುತ್ತ ಮುಷ್ಟಿಯಗಲ ಬಾಯಿ ತೆರೆದಿದ್ದ ತೂತಿಗೆ. ಆ ತೂತಿನ ಇನ್ನೊಂದು ಬಾಯಿ ನಮ್ಮ ಸಿಂಕಿನ ಕೆಳಗಿತ್ತು.

"ನಿಮ್ಮವೂ ಅಲ್ಲ, ನಮ್ಮವೂ ಅಲ್ರಿ. ನಡುವಿನವು."

ಅಂದು ಇಬ್ಬರೂ ರಜೆ ಹಾಕಿದೆವು. ಬಚ್ಚಲಿಗೆ ಸಣ್ಣ ಕಣ್ಣಿನ ಜಾಲರಿ, ಬೀರುವಿನ ಕೀಲುಗಳಿಗೆ ಜಿರಳೆ ಕೊಲ್ಲುವ ಜೆಲ್ಲಿನ ಚುಕ್ಕಿ. ಅಟ್ಟದಲ್ಲಿದ್ದ ರಟ್ಟಿನ ಪೆಟ್ಟಿಗೆಗಳೆಲ್ಲ ಕೆಳಗಿಳಿದು ಹೊರಗೆ ಹೋದವು. ಕೊನೆಗೆ ಉಳಿದದ್ದು ತೂತು. ಎರಡೂ ಕಡೆಯಿಂದ ಸ್ಟೀಲ್ ನಾರು ತುರುಕಿ ಬಿಳಿ ಸಿಮೆಂಟ್ ಮೆತ್ತಬೇಕು.

ನಮ್ಮ ಸಿಂಕಿನ ಕೆಳಗೆ ನಾನು ತಲೆ ತೂರಿಸಿ ಕೂತೆ. ಆ ಕಡೆ ಅವನು. ತೂತಿನಲ್ಲಿ ಅವನ ಒಂದು ಕಣ್ಣು, ಅರ್ಧ ಹುಬ್ಬು ಕಾಣುತ್ತಿತ್ತು.

"ಮುಚ್ಚೋಕಿಂತ ಮೊದಲ ಒಂದು ಮಾತು ಹೇಳ್ಬೇಕು," ಅಂದ. "ಕೇಳಿದ ಮ್ಯಾಲೆ ಬೈರಿ ಬೇಕಾದ್ರ."

"ಹೇಳಿ."

"ಈ ತೂತು ಬಂದ ವಾರನ ಕಂಡಿತ್ತು. ಎರಡು ಸಲ ಕಾಗದ ತುರುಕಿ ಮುಚ್ಚಿದೆ. ಎರಡು ಸಲ ನಾನ ತಗದೆ."

"ಯಾಕೆ?" ನನ್ನ ದನಿ ತಣ್ಣಗಾಯಿತು.

"ಮುಂಜಾನೆ ನೀವು ಪಂಚಾಂಗ ಓದ್ತೀರಲ್ರಿ. ಇವತ್ತು ತಿಥಿ ಇದು, ನಕ್ಷತ್ರ ಇದು ಅಂತ. ನಾನು ಚಹಾ ಕಾಸ್ಕೋತ ನಿಂತಿರ್ತೇನಿ. ಈ ತಮಿಳರ ಊರಾಗ, ಇಡೀ ದಿನದಾಗ ನನ್ನ ಮನಿಯೊಳಗ ಕೇಳೋ ಕನ್ನಡ ಅದೊಂದ. ಮುಚ್ಚಿದ ದಿನ ಮನಿ ಭಾಳ ಖಾಲಿ ಅನಸ್ತು." ಕಣ್ಣು ಕೆಳಗಿಳಿಯಿತು. "ಅದರಿಂದ ಅಜ್ಜಿಗೆ ಹಿಂಗ ಆಗ್ತದ ಅಂತ ಗೊತ್ತಿದ್ರ ಆಣಿ ಮಾಡಿ ಹೇಳ್ತೇನಿ, ಅವತ್ತ ಮುಚ್ಚತಿದ್ದೆ. ತಪ್ಪು ನಂದು."

ಸಿಟ್ಟು ಬಂತು. ನಿಜವಾದ ಸಿಟ್ಟು. ಅಜ್ಜಿಯ ಕಿವಿ ನೆನಪಾಯಿತು, ಆ ದಿನ ಅವಳು ಕಿರುಚಿದ್ದು ನೆನಪಾಯಿತು. ಆದರೆ ಅವನ ತಪ್ಪನ್ನು ಎಣಿಸುವ ಮೊದಲು ನನ್ನದೊಂದು ಬಾಕಿ ಇತ್ತು. ಅದು ಗಂಟಲಲ್ಲೇ ಕೂತು ಮೀಸೆ ಅಲ್ಲಾಡಿಸುತ್ತಿತ್ತು.

"ಸತ್ಯಾತ್ಮ ಅವರೇ."

"ಹೇಳ್ರಿ."

"ಮೂರನೇ ಜಿರಳೆ ನಮ್ಮನೇದಲ್ಲ."

"ಮತ್ತ?"

"ಕೆಳಗೆ ಪಾರ್ಕಿಂಗಲ್ಲಿ ಹಿಡಿದೆ. ವಾರದ ಮೇಲಾದ್ರೂ ಮನೇಲಿ ಒಂದೂ ಕೈಗೆ ಸಿಕ್ಕಿರಲಿಲ್ಲ. ಬರೋದಕ್ಕೆ ಇನ್ನೇನೂ ನೆಪ ಇರಲಿಲ್ಲ."

ಪೈಪಿನ ಉದ್ದಕ್ಕೂ ಒಂದು ನಗು ಬಂತು. ಅರ್ಧ ನಗುವಲ್ಲ, ತಲೆ ಸಿಂಕಿಗೆ ಢಂ ಎಂದು ಬಡಿಯುವಷ್ಟು ಪೂರ್ತಿ ನಗು.

"ಏನೇ ಅದು ಸದ್ದು?" ಅಜ್ಜಿ ನಡುಮನೆಯಿಂದ ಕೂಗಿದಳು.

"ಪೈಪು ಅಜ್ಜಿ!"

"ಪೈಪಿಗೂ ನಗು ಬರತ್ತಾ ಈಗ?"

ನಾನು ಸಿಮೆಂಟ್ ಮೆತ್ತಿದೆ. ಅವನ ಕಣ್ಣು ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬಂತು. ಕೊನೆಯ ಒಂದು ಬೆರಳಿನಷ್ಟು ಜಾಗ ಉಳಿದಾಗ ಕೇಳಿದೆ: "ನಾಳೆಯಿಂದ ಪಂಚಾಂಗ?"

"ಬಾಗಲಾ ತಟ್ಟಿ ಕೇಳ್ತೇನಿ," ಎಂದಿತು ಗೋಡೆ.

ಭಾನುವಾರ ಮಾಮಾ ಟಾರ್ಚ್ ತಂದಿದ್ದರು. ಸಿಲಿಂಡರ್ ಸರಿಸಿದರು, ಬೀರುವಿನಡಿ ಬಗ್ಗಿ ನೋಡಿದರು, ಜಾಲರಿ ಎತ್ತಿದರು. ಏನೂ ಇಲ್ಲ. ಆಗ ಅಜ್ಜಿ ತಾನೇ ಬಾಯಿ ಬಿಟ್ಟಳು.

"ರಘು, ನನ್ನ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸು. ಆಮೇಲೆ ಇಲ್ಲಿಗೇ ತಂದು ಬಿಡು. ನಂಗೆ ನನ್ನ ಹೊಸ್ತಿಲು ಕಾಣಿಸ್ಬೇಕು."

ಮಾಮಾ ಬಹಳ ಹೊತ್ತು ಅವಳ ಕೈ ಹಿಡಿದು ಕೂತಿದ್ದರು. "ಇರಮ್ಮ, ಇಲ್ಲೇ ಇರು," ಅಂದರು ಕೊನೆಗೆ. ಹೊರಡುವಾಗ ಎದುರು ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿದ ಸತ್ಯಾತ್ಮನ ಉಗುರುಗಳನ್ನು ನೋಡಿದರು. ಆಮೇಲೆ ನನ್ನ ಉಗುರುಗಳನ್ನು.

"ಎದುರು ಮನೆಯವರ ಕೈಲೂ ಸಿಮೆಂಟು, ನಿನ್ನ ಕೈಲೂ ಸಿಮೆಂಟು. ಏನಮ್ಮ ವಿಷಯ?"

ಅನುಮಾನ ಪಡುವುದು ನಮ್ಮ ವಂಶದಲ್ಲೇ ಇದೆ. ನಾನು ಲಿಫ್ಟಿನ ಬಟನ್ ಒತ್ತಿದೆ.

ಸೋಮವಾರ ಬೆಳಿಗ್ಗೆ ಮನೆಯನ್ನೆಲ್ಲ ಹುಡುಕಿದೆ. ಒಂದು ಜಿರಳೆಯೂ ಇಲ್ಲ. ಪಾರ್ಕಿಂಗಿಗೆ ಇಳಿಯಲು ಮನಸ್ಸಾಗಲಿಲ್ಲ. ತಲೆ ಬಾಚಿಕೊಂಡು, ತಟ್ಟೆ ತೆಗೆದುಕೊಂಡು, ಅದರ ಮೇಲೆ ಲೋಟ ಬೋರಲು ಹಾಕಿ, ಎದುರು ಮನೆಯ ಬೆಲ್ ಒತ್ತಿದೆ. ಚೌಕಟ್ಟಿನ ಮೂಲೆಯ ವಾಚ್‌ಮನ್ ಒಂದು ಕಾಲು ಆಚೀಚೆ ಸರಿಸಿ ನನ್ನನ್ನು ನೋಡಿತು.

ಬಾಗಿಲು ತೆರೆಯಿತು.

"ಇದು ನಿಮ್ಮದೇನಾ?" ಅಂದೆ.

ಅವನು ಬಗ್ಗಿ, ಎರಡು ಬೆರಳಿನಿಂದ ಲೋಟ ಎತ್ತಿದ. ಕೆಳಗೆ ಏನೂ ಇರಲಿಲ್ಲ. ಉಜ್ಜಿದ ತಟ್ಟೆಯಲ್ಲಿ ಅವನ ಮುಖ ಒಂದಿಷ್ಟು, ನನ್ನ ಮುಖ ಒಂದಿಷ್ಟು.

ಅವನು ಅದನ್ನು ಬಹಳ ಹೊತ್ತು ನೋಡಿದ.

"ಹೌದ್ರಿ," ಅಂದ. "ಇದು ನಮ್ದ."