ಬೊಂಬೆಯಕ್ಕನ ಕಾಣೆಯಾದ ಆಹ್ವಾನ

ಆಹ್ವಾನ ಕಾಣೆಯಾಗಿದೆಯೆಂದು ಬೊಂಬೆಯಕ್ಕನಿಗೆ ಗೊತ್ತಾದಾಗ ಅವಳು ರಾಜಕುಮಾರಿ ಬೊಂಬೆಗೆ ಮೂಗು ಅಂಟಿಸುತ್ತಿದ್ದಳು. ಇನ್ನೊಂದು ತಂಡದ ಮೇಷ್ಟ್ರು ಫೋನ್ ಮಾಡಿ, ಬೊಂಬೆಯಾಟದ ಮೇಳಕ್ಕೆ ನಮ್ಮ ತಂಡ ಆಯ್ಕೆಯಾಗಿದೆಯೆಂದು ಇ-ಮೇಲ್ ಬಂದಿದೆ, ನಿಮಗೂ ಬಂದಿರಬೇಕಲ್ಲ, ಒಪ್ಪಿಗೆ ಕಳಿಸಲು ಇವತ್ತು ಸಂಜೆ ಐದೇ ಕೊನೆ ಎಂದರು. ಮೂಗು ವಾರೆಯಾಗಿ ಕೂತಿತು.

ಇನ್‌ಬಾಕ್ಸ್ ಜಾಲಾಡಿದಳು. ಇಲ್ಲ! ವರ್ಷವರ್ಷವೂ ಅರ್ಜಿ ಹಾಕಿ ಬಾಯಿ ಬಿಟ್ಟುಕೊಂಡು ಕಾದ ಮೇಳ. ಆಯ್ಕೆಯೇ ಆಗಿಲ್ಲವೋ? ಬಂದದ್ದನ್ನು ಯಾರಾದರೂ ಅಳಿಸಿದರೋ? ಮೇಳದ ಕಚೇರಿಯಲ್ಲಿ ಫೋನ್ ಎತ್ತುವವರಿಲ್ಲ. ಕರೆಯದೆ ಬರುತ್ತೇವೆ ಎನ್ನುವುದು ಹೇಗೆ?

ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ. ಗಂಡ — ಬೊಂಬೆಗಳ ಬಟ್ಟೆ ಹೊಲಿಯುವವನು, ಫೋನ್ ಮುಟ್ಟಿದರೆ ಏನಾದರೊಂದು ಅಳಿಸದೆ ಬಿಡುವವನಲ್ಲ. ಮೈದುನ — ಆಟಕ್ಕೆ ದೀಪ ಹಿಡಿಯುವವನು. ಕಾಡಿನ ದೃಶ್ಯಕ್ಕೆ ನೀಲಿ ದೀಪ ಬೇಕೆಂದು ಅವನು, ಬೇಡವೆಂದು ಇವಳು. ಹೋದ ವಾರದಿಂದ ಮಾತಿಲ್ಲ. ಅಕ್ಕನ ಅನುಮಾನವೆಲ್ಲ ಅವನ ಮೇಲೆಯೇ.

ನಾಲ್ಕು ದಾಟಿದ ಮೇಲೆ ನಾದಿನಿ ಬಂದಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದು ಅವಳ ಕೆಲಸ. ಅವಳು ಹುಬ್ಬೇರಿಸಿದರೆ ಒಡಹುಟ್ಟಿದ ಅಣ್ಣಂದಿರೂ ತೊದಲುತ್ತಾರೆ. ಇಬ್ಬರನ್ನೂ ಕೂರಿಸಿ ಕೇಳಿದಳು. ತಮಗೇನೂ ಗೊತ್ತಿಲ್ಲವೆಂದರು. ಆಮೇಲೆ ಮೇಷ್ಟ್ರಿಗೆ ಬಂದ ಪತ್ರದ ಚಿತ್ರ ತರಿಸಿಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು.

"ಅತ್ತಿಗೆ, ಜಾಹೀರಾತಿನ ಕಾಟ ಈಗಲೂ ಇದೆಯಾ?"

"ಪೂರ್ತಿ ನಿಂತೋಯ್ತು. ನಾನೇ ಫಿಲ್ಟರ್ ಹಾಕಿದೀನಿ," ಎಂದು ಅಕ್ಕ ಬೀಗಿದಳು.

"ಏನಂತ?"

"ಯಾರಿಗೆ ಅನ್ನೋ ಸಾಲಲ್ಲಿ ನನ್ನ ವಿಳಾಸ ಇಲ್ದಿದ್ರೆ, ಓದಾಯ್ತು ಅಂತ ಗುರುತಾಗಿ ಬೇರೆ ಫೋಲ್ಡರ್‌ಗೆ ಹೋಗ್ಬಿಡತ್ತೆ. ನನ್ನನ್ನೇ ಕರೆಯೋರಿಗೆ ಮಾತ್ರ ಒಳಗೆ ಜಾಗ."

ನಾದಿನಿ ನಕ್ಕಳು. "ಹಾಗಾದ್ರೆ ಕಳ್ಳಿ ಸಿಕ್ಕಿದ್ಲು. ಇದರಲ್ಲಿ ಯಾರಿಗೆ ಅನ್ನೋ ಸಾಲು ನೋಡಿ. ಬಂದಿರೋದು ಮೇಷ್ಟ್ರಿಗೆ, ಆದ್ರೆ ಅಲ್ಲಿ ಅವರ ವಿಳಾಸ ಎಲ್ಲಿದೆ? ಮೇಳದವರು ತಮ್ಮ ವಿಳಾಸಾನೇ ಹಾಕ್ಕೊಂಡಿದಾರೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು ಅಂತ ಎಲ್ಲ ತಂಡಕ್ಕೂ ಗುಪ್ತ ಪ್ರತಿ ಕಳಿಸಿದಾರೆ. ಬಾಗಿಲು ಹಾಕ್ಕೊಂಡಿದ್ದು ನೀವೇ, ಅತ್ತಿಗೆ."

ಅಕ್ಕ ಆ ಫೋಲ್ಡರ್ ತೆರೆದಳು. ಚಪ್ಪಲಿಯ ರಿಯಾಯಿತಿಗೂ ಹಾಸಿಗೆಯ ರಿಯಾಯಿತಿಗೂ ನಡುವೆ ಆಹ್ವಾನ ಕೂತಿತ್ತು! ಅವಳ ಕಣ್ಣು ತುಂಬಿ ಬಂತು. ಐದರೊಳಗೆ ಒಪ್ಪಿಗೆ ಹೋಯಿತು; ಗಂಡ ಸೂಜಿ ಬಿಟ್ಟು ಕುಣಿದೇಬಿಟ್ಟ.

ಮೈದುನ ಮಾತ್ರ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದ. ನಾಚಿಕೆ ತಡೆಯದೆ ಅಕ್ಕ ಅವನ ಬಳಿ ಹೋದಳು.

"ಮೇಳದಲ್ಲಿ ಕಾಡಿನ ದೃಶ್ಯಕ್ಕೆ ನೀಲಿ ದೀಪಾನೇ ಹಿಡಿಯಪ್ಪ."

ಅವನು ಆಗಲೇ ನೀಲಿ ಗಾಜು ಹುಡುಕಲು ಪೆಟ್ಟಿಗೆ ತೆರೆದಿದ್ದ.